ತುಂಗಭದ್ರಾ ಅಣೆಕಟ್ಟೆ: ಸುರ್ಕಿ ಗಾರೆ, ನಾರುಬಲಿತ ಕಾಂಕ್ರೀಟು ಮತ್ತು ಬೆಳಕಿನ ಸಂವೇದಕಗಳು

ಕೊಪ್ಪಳ ಜಿಲ್ಲೆಯ ಬೇಸಾಯಕ್ಕೆ ಎರಡು ಮುಖಗಳಿವೆ. ಗಂಗಾವತಿಯ ಸೀಮೆ ಹಾಗೂ ಕೊಪ್ಪಳ ತಾಲ್ಲೂಕಿನ ಒಂದು ಭಾಗವು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತವೆ. ಕುಷ್ಟಗಿ ಮತ್ತು ಯಲಬುರ್ಗಾ ಬಹುಮಟ್ಟಿಗೆ ಮಳೆಯನ್ನೇ ನಂಬಿವೆ. ಮುನಿರಾಬಾದಿನ ಅಣೆಕಟ್ಟೆಯ ಆರೋಗ್ಯವು ಈ ಪ್ರದೇಶಕ್ಕೆ ಕೇವಲ ತಾಂತ್ರಿಕ ವಿಷಯವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆಫಲಕಗಳನ್ನು ಅಳವಡಿಸಲಾಯಿತು. ಹಳೆಯ ಗೇಟುಗಳ ಸ್ಥಿತಿಯ ಕಾರಣದಿಂದ 2025ರಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಸೀಮಿತಗೊಳಿಸಬೇಕಾಯಿತು.

1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಆಡಳಿತಗಳು ಜಂಟಿಯಾಗಿ ಆರಂಭಿಸಿದ ಈ ಕಟ್ಟೆಯು ಮುಖ್ಯವಾಗಿ ಸುರ್ಕಿ ಗಾರೆಯ ಕಲ್ಲುಕಟ್ಟಡವಾಗಿದೆ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿಯು ನೀರಿನಲ್ಲಿಯೂ ಗಟ್ಟಿಗೊಳ್ಳುತ್ತದೆ. ಆದರೆ ಸಿಮೆಂಟಿಗಿಂತ ಮೃದು.

ಇಂತಹ ಕಟ್ಟಡಗಳ ದುರಸ್ತಿಗೆ ಇಂದು ಸೂಚಿಸಲಾಗುವ ವಸ್ತುಗಳಲ್ಲಿ ನಾರುಬಲಿತ ಉನ್ನತ ಸಾಮರ್ಥ್ಯದ ಕಾಂಕ್ರೀಟು ಪ್ರಮುಖವಾದುದು. ಸಾಮಾನ್ಯ ಕಾಂಕ್ರೀಟು ಒತ್ತಡವನ್ನು ತಾಳಿದಷ್ಟು ಎಳೆತವನ್ನು ತಾಳದು. ಅದರಲ್ಲಿ ಬೆರೆತ ಉಕ್ಕಿನ ಎಳೆಗಳು ಬಿರುಕಿನ ಎರಡು ದಡಗಳನ್ನು ಹಿಡಿದಿಟ್ಟು, ಒಂದು ದೊಡ್ಡ ಬಿರುಕನ್ನು ಅನೇಕ ಸೂಕ್ಷ್ಮ ಬಿರುಕುಗಳಾಗಿ ಹಂಚುತ್ತವೆ. ಆದರೆ ಮೃದುವಾದ ಸುರ್ಕಿಯ ಮೇಲೆ ಬಿರುಸಾದ, ನೀರು ತೂರದ ಪದರವನ್ನು ಹೊದಿಸಿದಲ್ಲಿ ಎರಡೂ ಒಂದೇ ರೀತಿಯಾಗಿ ಹಿಗ್ಗಿ ಕುಗ್ಗುವುದಿಲ್ಲ. ಒಳಗಿನ ತೇವವೂ ಹೊರಬರಲಾರದು. ಹೀಗಾಗಿ ದುರಸ್ತಿಯೇ ಹಾನಿಗೆ ಕಾರಣವಾಗಬಹುದು. ಆದುದರಿಂದ ಮೊದಲು ಅಳತೆ, ಅನಂತರ ದುರಸ್ತಿ ಎಂಬುದು ಯುಕ್ತ ಕ್ರಮ.

ಅಳತೆಗೆ ಬೆಳಕಿನ ತಂತು ಸೂಕ್ತ ಸಾಧನ. ಗಾಜಿನ ತಂತುವಿನೊಳಗೆ ಕೊರೆದ ಸೂಕ್ಷ್ಮ ಜಾಲರಿಯು ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ತಂತು ಹಿಗ್ಗಿದರೆ ಆ ತರಂಗಾಂತರವೂ ಸರಿಯುತ್ತದೆ: 1550 ನ್ಯಾನೊಮೀಟರಿನ ಬೆಳಕಿನಲ್ಲಿ, ಹತ್ತು ಲಕ್ಷದಲ್ಲಿ ಒಂದು ಪಾಲಿನ ಹಿಗ್ಗುವಿಕೆಗೆ ಸುಮಾರು 1.2 ಪಿಕೊಮೀಟರು. ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಏರಿಕೆಯೂ ಸುಮಾರು 10 ಪಿಕೊಮೀಟರು ಸರಿಸುವುದರಿಂದ, ಭಾರ ಬೀಳದ ಮತ್ತೊಂದು ಜಾಲರಿಯನ್ನು ಪಕ್ಕದಲ್ಲಿರಿಸಿ ಉಷ್ಣತೆಯ ಪಾಲನ್ನು ಕಳೆಯುವುದು ಅಗತ್ಯ. ಒಂದೇ ತಂತುವಿನಲ್ಲಿ ಹಲವು ಜಾಲರಿಗಳನ್ನು ಅಳವಡಿಸಬಹುದು. ತಂತುವಿನಲ್ಲಿ ವಿದ್ಯುತ್ತು ಹರಿಯದ ಕಾರಣ ವಿದ್ಯುತ್ಕಾಂತೀಯ ಅಡಚಣೆಯೂ ಇರದು.

ಆದರೆ 2024ರಲ್ಲಿ ತುಂಡಾದುದು ಗಾರೆಯಲ್ಲ, ಚಲಿಸುವ ಲೋಹದ ಭಾಗ. ಸಂವೇದಕಗಳನ್ನು ಕಲ್ಲುಗೋಡೆಗೆ ಮಾತ್ರ ಸೀಮಿತಗೊಳಿಸದೆ ಗೇಟಿನ ಆಧಾರಗಳಿಗೂ ವಿಸ್ತರಿಸಬೇಕೆಂಬುದು ಈ ಘಟನೆಯ ಪಾಠ. ಅಣೆಕಟ್ಟೆಗಳಲ್ಲಿ ಮಾಪನ ಸಲಕರಣೆಗಳನ್ನು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ಅಪೇಕ್ಷಿಸುತ್ತದೆ. ಆದರೂ ಸಂವೇದಕವು ತುಕ್ಕನ್ನು ತಡೆಯಲಾರದು. ಅದು ನೀಡಿದ ಸೂಚನೆಯನ್ನು ಓದಿ, ಸಕಾಲದಲ್ಲಿ ಕ್ರಮ ಕೈಗೊಂಡಾಗ ಮಾತ್ರ ಗಂಗಾವತಿಯ ಗದ್ದೆಗೆ ನೀರಿನ ಭರವಸೆ ಉಳಿದೀತು.