ಹೆಡ್‌ಫೋನ್ ಕನೆಕ್ಟೆಡ್ ಅಂತಿದೆ, ಆದ್ರೆ ಸದ್ದೇ ಇಲ್ಲ: ಎಲ್ಲಿಂದ ಹುಡುಕೋದು?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೀನಿ. ಲ್ಯಾಪ್‌ಟಾಪ್‌ನಲ್ಲಿ ಸದ್ದೇ ಬರ್ತಿಲ್ಲ ಅನ್ನೋರಿಗೆ "ವಿಡಿಯೋ ಕೇಳಿ" ಅಂತ ಹೇಳೋದು ಹೇಗೆ, ಅಲ್ವಾ?

ಮೊದಲು ಒಂದು ಘಟನೆ ಹೇಳ್ತೀನಿ. ಪುಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟ್‌ನಲ್ಲಿ ದಾವಣಗೆರೆ ಕಡೆಯ ಒಬ್ಬ ಹುಡುಗ ಇದ್ದಾನೆ. ಎರಡು ವರ್ಷದ ಅನುಭವ, ಕೆಲಸ ಬದಲಾಯಿಸೋಕೆ ಓಡಾಡ್ತಿದ್ದ. ಒಂದು ದಿನ ಬೆಳಿಗ್ಗೆ 10 ಗಂಟೆಗೆ ಅವನಿಗೆ ಆನ್‌ಲೈನ್ ಇಂಟರ್‌ವ್ಯೂ. 10 ಗಂಟೆ 5 ನಿಮಿಷಕ್ಕೆ ನಮ್ಮ ಬಾಗಿಲು ಬಡಿದ. "ಅಣ್ಣಾ, ಹೆಡ್‌ಫೋನ್ ಕನೆಕ್ಟ್ ಆಗಿದೆ ಅಂತ ತೋರಿಸ್ತಿದೆ, ಅವ್ರು ಮಾತಾಡೋದು ಒಂಚೂರೂ ಕೇಳಿಸ್ತಿಲ್ಲ." ಅಷ್ಟರಲ್ಲಿ ಮೂರು ಸಲ ಹೆಡ್‌ಫೋನನ್ನ ರಿಮೂವ್ ಮಾಡಿ ಮತ್ತೆ ಪೇರ್ ಮಾಡಿದ್ದ. ಆಮೇಲೆ ಫೋನಿಂದಲೇ ಮೀಟಿಂಗ್‌ಗೆ ಸೇರ್ಕೊಂಡ. ಆದ್ರೆ 45 ನಿಮಿಷದಲ್ಲಿ 12 ನಿಮಿಷ ಹೋಗಿತ್ತು, ಜೊತೆಗೆ ಧೈರ್ಯಾನೂ ಹೋಗಿತ್ತು. ಮುಂದಿನ ರೌಂಡ್‌ಗೆ ಕರೆ ಬರಲಿಲ್ಲ. ಹೆಡ್‌ಫೋನ್ ಒಂದೇ ಕಾರಣ ಅಂತ ನಾನು ಹೇಳೋದಿಲ್ಲ. ಆದ್ರೆ ಆ 12 ನಿಮಿಷ ಉಳಿಸಬಹುದಿತ್ತು.

ಸಂಜೆ ಕೂತು ನೋಡಿದಾಗ ಗೊತ್ತಾಗಿದ್ದು ಇಷ್ಟು: ಆವತ್ತು ಬೆಳಿಗ್ಗೆ ಹೆಡ್‌ಫೋನ್ ಕನೆಕ್ಟ್ ಮಾಡಿದ ಮೇಲೆ ಅವನು ಹೊಸ ಮಾನಿಟರ್‌ನ ಎಚ್‌ಡಿಎಂಐ ಕೇಬಲ್ ಚುಚ್ಚಿದ್ದ. ಮೀಟಿಂಗ್ ಆ್ಯಪ್ ಸದ್ದನ್ನೆಲ್ಲಾ ಆ ಮಾನಿಟರ್‌ಗೆ ಕಳಿಸ್ತಿತ್ತು. ಮಾನಿಟರ್‌ಗೆ ಸ್ಪೀಕರೇ ಇಲ್ಲ! ಹೆಡ್‌ಫೋನ್ ಸರಿ ಇತ್ತು, ಪೇರಿಂಗ್ ಸರಿ ಇತ್ತು. ಸರಿ ಇದ್ದ ಅದೊಂದನ್ನೇ ಅವನು ಮೂರು ಸಲ ಕಿತ್ತು ಹಾಕಿದ್ದ.

ಪೇರ್ ಆಗೋದು ಅಂದ್ರೆ ಏನು?

ಪೇರಿಂಗ್ ಅಂದ್ರೆ ಬರೀ ಪರಿಚಯ. ಲ್ಯಾಪ್‌ಟಾಪ್, ಹೆಡ್‌ಫೋನ್ ಎರಡೂ ಒಂದು ರಹಸ್ಯ ಕೀ ಇಟ್ಕೊಂಡು "ಮುಂದಿನ ಸಲ ಬಂದ್ರೆ ಗುರುತು ಹಿಡೀತೀನಿ" ಅಂತ ಒಪ್ಕೊಳ್ತವೆ. ಸದ್ದು ಬರೋಕೆ ಇನ್ನೂ ನಾಲ್ಕು ಕೆಲಸ ಆಗಬೇಕು. ಆ ಕ್ಷಣಕ್ಕೆ ಕನೆಕ್ಷನ್ ಇರಬೇಕು. ಸದ್ದು ಸಾಗಿಸೋ ಪ್ರೊಫೈಲ್ ಶುರುವಾಗಬೇಕು. ಆಪರೇಟಿಂಗ್ ಸಿಸ್ಟಮ್ ಹೆಡ್‌ಫೋನನ್ನೇ ಔಟ್‌ಪುಟ್ ಅಂತ ಆರಿಸಿರಬೇಕು. ಕೊನೆಗೆ ಆ್ಯಪ್ ಕೂಡ ಅದನ್ನೇ ಆರಿಸಿರಬೇಕು.

ಮನೆಯ ನೀರಿನ ಹಾಗೆ ನೋಡಿ. ಸಂಪ್, ಮೋಟರ್, ಮೇಲಿನ ಟ್ಯಾಂಕ್, ವಾಲ್ವ್, ನಲ್ಲಿ. ನಲ್ಲಿಯಲ್ಲಿ ನೀರು ಬರದಿದ್ರೆ ಯಾರೂ ಮೊದಲು ನಲ್ಲಿ ಕಿತ್ತು ಹಾಕಲ್ಲ, ಟ್ಯಾಂಕ್‌ನಲ್ಲಿ ನೀರಿದೆಯಾ ನೋಡ್ತಾರೆ. ಇಲ್ಲೂ ಅದೇ ಕ್ರಮ.

1. ಸದ್ದು ಎಲ್ಲಿಗೆ ಹೋಗ್ತಿದೆ ನೋಡಿ

ಒಂದು ಹಾಡು ಹಾಕಿ, ಓಡ್ತಾ ಇರ್ಲಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ. ವಿಂಡೋಸ್ 11ರಲ್ಲಿ ಕೆಳಗೆ "ಮೋರ್ ಸೌಂಡ್ ಸೆಟ್ಟಿಂಗ್ಸ್" ಅಂತಿದೆ. ಅದನ್ನ ಒತ್ತಿದ್ರೆ ಹಳೇ ಕಾಲದ ಸಣ್ಣ ಕಿಟಕಿ ತೆರೆಯತ್ತೆ. ಅದರ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಪ್ರತಿ ಸಾಧನದ ಪಕ್ಕ ಒಂದು ಪಟ್ಟಿ ಇರತ್ತೆ. ಸದ್ದು ಯಾವುದಕ್ಕೆ ಹೋಗ್ತಿದೆಯೋ ಅದರ ಪಟ್ಟಿ ಹಸಿರಾಗಿ ಏರಿಳಿಯತ್ತೆ.

ಹಸಿರು ಮಾನಿಟರ್ ಪಕ್ಕ ಕುಣೀತಿದ್ರೆ ಕಾರಣ ಸಿಕ್ತು. ಹೆಡ್‌ಫೋನ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನ ಡಿಫಾಲ್ಟ್ ಮಾಡಿ. ಹೆಡ್‌ಫೋನ್ ಪಟ್ಟಿಯಲ್ಲೇ ಕಾಣ್ತಿಲ್ಲ ಅಂದ್ರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ "ಶೋ ಡಿಸೇಬಲ್ಡ್ ಡಿವೈಸಸ್" ಆರಿಸಿ. ಯಾವತ್ತೋ ನಾವೇ ಡಿಸೇಬಲ್ ಮಾಡಿ ಮರೆತಿರ್ತೀವಿ. ಯಾವ ಪಟ್ಟಿಯೂ ಅಲುಗಾಡ್ತಿಲ್ಲ ಅಂದ್ರೆ ಹಾಡೇ ಮ್ಯೂಟ್ ಆಗಿರಬಹುದು. ವಾಲ್ಯೂಮ್ ಮಿಕ್ಸರ್‌ನಲ್ಲಿ ಆ ಆ್ಯಪ್‌ನ ಸದ್ದು ನೋಡಿ.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಸೌಂಡ್, ಔಟ್‌ಪುಟ್. ಉಬುಂಟುನಲ್ಲಿ ಸೆಟ್ಟಿಂಗ್ಸ್‌ನ ಸೌಂಡ್ ಪುಟ. ಕೆಲಸ ಒಂದೇ.

2. ಆ್ಯಪ್ ಒಳಗೆ ನೋಡಿ

ಝೂಮ್, ಟೀಮ್ಸ್, ಮೀಟ್ ಇವಕ್ಕೆಲ್ಲಾ ತಮ್ಮದೇ ಸ್ಪೀಕರ್ ಆಯ್ಕೆ ಇದೆ. ಹಾಡು ಕೇಳಿಸತ್ತೆ, ಮೀಟಿಂಗ್ ಕೇಳಿಸಲ್ಲ ಅಂದ್ರೆ ತಪ್ಪು ಬಹುಪಾಲು ಇಲ್ಲೇ. ರಿಮೋಟ್ ಡೆಸ್ಕ್‌ಟಾಪ್ ಒಳಗೆ ಕೆಲಸ ಮಾಡೋರು ಇನ್ನೊಂದು ನೋಡಬೇಕು: ರಿಮೋಟ್ ಆಡಿಯೋ ಸೆಟ್ಟಿಂಗ್‌ನಲ್ಲಿ ದೂರದ ಯಂತ್ರದಲ್ಲೇ ನುಡಿಸು ಅಂತಿದ್ರೆ ಸದ್ದು ಆಫೀಸಿನ ಖಾಲಿ ರೂಮಲ್ಲಿ ಬರ್ತಿರತ್ತೆ, ನಿಮ್ಮ ಕಿವಿಗಲ್ಲ.

3. ಒಂದೇ ಹೆಡ್‌ಫೋನ್, ಎರಡು ಬಾಗಿಲು

ಇದು ಸ್ವಲ್ಪ ಗಮನ ಕೊಟ್ಟು ಓದಬೇಕಾದ ಭಾಗ. ಬ್ಲೂಟೂತ್‌ನಲ್ಲಿ ಸದ್ದಿಗೆ ಸಾಮಾನ್ಯವಾಗಿ ಎರಡು ದಾರಿ ಇದೆ. ಎ2ಡಿಪಿ ಅನ್ನೋದು ಹಾಡಿನ ದಾರಿ: ಸ್ಟೀರಿಯೋ, ಚೆನ್ನಾಗಿರೋ ಗುಣಮಟ್ಟ, ಆದ್ರೆ ಒಮ್ಮುಖ, ಮೈಕ್ ಇಲ್ಲ. ಎಚ್‌ಎಫ್‌ಪಿ ಅಂದ್ರೆ ಹ್ಯಾಂಡ್ಸ್-ಫ್ರೀ, ಮಾತಿನ ದಾರಿ: ಮೈಕ್ ಉಂಟು, ಆದ್ರೆ ಮೋನೋ, ಹೆಚ್ಚಾಗಿ ಸೆಕೆಂಡಿಗೆ 8,000 ಅಥವಾ 16,000 ಸ್ಯಾಂಪಲ್ ಮಾತ್ರ. ಹಾಡಿಗೆ ಸಾಮಾನ್ಯವಾಗಿ 44,100 ಇರತ್ತೆ. ಮೀಟಿಂಗ್ ಶುರುವಾದ ತಕ್ಷಣ ಸದ್ದು ಹಳೇ ರೇಡಿಯೋ ಥರ ಆಗೋದು ಇದಕ್ಕೇ.

ವಿಂಡೋಸ್ 10ರಲ್ಲಿ ಇವು ಎರಡು ಬೇರೆ ಬೇರೆ ಸಾಧನ ಅಂತ ಕಾಣಿಸ್ತವೆ: ಒಂದರ ಹೆಸರಲ್ಲಿ "ಸ್ಟೀರಿಯೋ", ಇನ್ನೊಂದರಲ್ಲಿ "ಹ್ಯಾಂಡ್ಸ್-ಫ್ರೀ". ಯಾವುದಾದರೂ ಆ್ಯಪ್ ಹೆಡ್‌ಫೋನ್‌ನ ಮೈಕ್ ಹಿಡ್ಕೊಂಡಿದ್ರೆ ಮಾತಿನ ದಾರಿ ತೆರೆದು ಹಾಡಿನ ದಾರಿ ಮುಚ್ಚಿಕೊಳ್ಳತ್ತೆ. ನೀವು ಸ್ಟೀರಿಯೋ ಆರಿಸಿ ಕೂತಿದ್ರೆ ಪೂರ್ತಿ ನಿಶ್ಶಬ್ದ. ಹಿಂದೆ ತೆರೆದಿಟ್ಟ ಮೀಟಿಂಗ್ ಆ್ಯಪ್ ಮುಚ್ಚಿ ನೋಡಿ. ನಾನು ಮಾಡೋದು ಇನ್ನೂ ಸುಲಭ: ಕೇಳೋಕೆ ಹೆಡ್‌ಫೋನ್, ಮಾತಾಡೋಕೆ ಲ್ಯಾಪ್‌ಟಾಪ್‌ನದ್ದೇ ಮೈಕ್. ಆಗ ಹಾಡಿನ ದಾರಿ ತೆರೆದೇ ಇರತ್ತೆ.

ಬ್ಲೂಟೂತ್ ಪುಟದಲ್ಲಿ ಹೆಡ್‌ಫೋನ್ ಹೆಸರಿನ ಕೆಳಗೆ ಏನಿದೆ ಅಂತಲೂ ಓದಿ. ಬರೀ "ಪೇರ್ಡ್" ಅಂತಿದ್ರೆ ಈಗ ಕನೆಕ್ಷನ್ ಇಲ್ಲ, ಕನೆಕ್ಟ್ ಒತ್ತಿ. "ಕನೆಕ್ಟೆಡ್ ವಾಯ್ಸ್" ಅಂತ ಮಾತ್ರ ಇದ್ದು "ಮ್ಯೂಸಿಕ್" ಇಲ್ಲದಿದ್ರೆ ಹಾಡಿನ ದಾರಿ ಇನ್ನೂ ತೆರೆದಿಲ್ಲ. ಒಮ್ಮೆ ಡಿಸ್‌ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿ. ರಿಮೂವ್ ಬೇಡ.

ಉಬುಂಟು ಬಳಸೋರು ಸೌಂಡ್ ಪುಟದಲ್ಲಿ ಕಾನ್ಫಿಗರೇಷನ್ ಅನ್ನೋ ಆಯ್ಕೆ ನೋಡಿ. ಅಲ್ಲಿ ಎ2ಡಿಪಿ ಅಥವಾ ಹೆಡ್‌ಸೆಟ್ ಅಂತ ನಾವೇ ಆರಿಸಬಹುದು.

4. ಫೋನ್ ಕದ್ದಿದೆಯಾ?

ಈಗಿನ ಎಷ್ಟೋ ಹೆಡ್‌ಫೋನ್‌ಗಳು ಒಟ್ಟಿಗೆ ಎರಡು ಸಾಧನಕ್ಕೆ ಅಂಟಿಕೊಳ್ತವೆ. ಇದಕ್ಕೆ ಮಲ್ಟಿಪಾಯಿಂಟ್ ಅಂತಾರೆ. ಜೇಬಲ್ಲಿರೋ ಫೋನ್‌ನಲ್ಲಿ ಒಂದು ರೀಲ್ ಓಡಿದ್ರೂ ಹೆಡ್‌ಫೋನ್ ಆ ಕಡೆ ತಿರುಗತ್ತೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ "ಕನೆಕ್ಟೆಡ್" ಅಂತಲೇ ಇರತ್ತೆ. ಫೋನ್‌ನ ಬ್ಲೂಟೂತ್ ಒಂದು ನಿಮಿಷ ಆಫ್ ಮಾಡಿ. ಸದ್ದು ಬಂದ್ರೆ ಕಳ್ಳ ಸಿಕ್ಕಿದ.

5. ಸರ್ವಿಸ್, ಡ್ರೈವರ್

ಇಷ್ಟಾದ ಮೇಲೂ ಇಲ್ಲ ಅಂದ್ರೆ ವಿಂಡೋಸ್‌ನ ಸರ್ವಿಸಸ್ ಕಿಟಕಿ ತೆರೆದು "ವಿಂಡೋಸ್ ಆಡಿಯೋ", "ಬ್ಲೂಟೂತ್ ಆಡಿಯೋ ಗೇಟ್‌ವೇ ಸರ್ವಿಸ್", "ಬ್ಲೂಟೂತ್ ಸಪೋರ್ಟ್ ಸರ್ವಿಸ್" ಮೂರನ್ನೂ ರೀಸ್ಟಾರ್ಟ್ ಮಾಡಿ. ಆಮೇಲೆ ಬ್ಲೂಟೂತ್ ಡ್ರೈವರ್. ಅದನ್ನ ನಿಮ್ಮ ಲ್ಯಾಪ್‌ಟಾಪ್ ತಯಾರಕರ ಸೈಟಿಂದಲೇ ತಗೊಳ್ಳಿ. ಕಂಪನಿ ಲ್ಯಾಪ್‌ಟಾಪ್ ಆದ್ರೆ ಅಡ್ಮಿನ್ ಹಕ್ಕು ಇರಲ್ಲ, ಕೆಲವು ಕಡೆ ಬ್ಲೂಟೂತ್ ಆಡಿಯೋವನ್ನೇ ಪಾಲಿಸಿಯಲ್ಲಿ ತಡೆದಿರ್ತಾರೆ. ಅಲ್ಲಿ ಗುದ್ದಾಡಬೇಡಿ, ಹೆಲ್ಪ್‌ಡೆಸ್ಕ್‌ಗೆ ಟಿಕೆಟ್ ಹಾಕಿ. ಹಸಿರು ಪಟ್ಟಿಯ ಸ್ಕ್ರೀನ್‌ಶಾಟ್ ಜೊತೆಗಿಟ್ರೆ ಅವರಿಗೂ ಅರ್ಧ ಕೆಲಸ ಕಮ್ಮಿ.

ಸದ್ದು ಬರತ್ತೆ ಆದ್ರೆ ತುಂಡು ತುಂಡಾಗಿ ಬರತ್ತೆ ಅಂದ್ರೆ ಅದು ಬೇರೆ ಕಥೆ. ಬ್ಲೂಟೂತ್, ಹಳೇ ವೈ-ಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡಾಡ್ತವೆ. ಯುಎಸ್‌ಬಿ 3.0 ಕೇಬಲ್, ಹಾರ್ಡ್ ಡಿಸ್ಕ್ ಕೂಡ ಅದೇ ಜಾಗದಲ್ಲಿ ಗದ್ದಲ ಎಬ್ಬಿಸ್ತವೆ. ವೈ-ಫೈಯನ್ನ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ಡಿಸ್ಕನ್ನ ಸ್ವಲ್ಪ ದೂರ ಇಡಿ.

6. ರಿಮೂವ್, ರೀಸೆಟ್ ಕೊನೆಗೆ

ಎಲ್ಲಾ ಮುಗಿದ ಮೇಲೆ ಮಾತ್ರ ಹೆಡ್‌ಫೋನನ್ನ ರಿಮೂವ್ ಮಾಡಿ, ರೀಸೆಟ್ ಮಾಡಿ, ಹೊಸದಾಗಿ ಪೇರ್ ಮಾಡಿ. ಕೀ ಕೆಟ್ಟಿದ್ರೆ ಇದರಿಂದ ಸರಿ ಹೋಗತ್ತೆ, ನಿಜ. ಆದ್ರೆ ಮೊದಲೇ ಮಾಡಿದ್ರೆ ಸಮಯ ಹೋಗತ್ತೆ, ತಪ್ಪು ಎಲ್ಲಿತ್ತು ಅಂತಲೂ ಗೊತ್ತಾಗಲ್ಲ. ಕೋಡ್ ಡಿಬಗ್ ಮಾಡುವಾಗ ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋ ಜೂನಿಯರ್‌ನ ನಾವೇ ಬೈತೀವಿ. ಹೆಡ್‌ಫೋನ್ ವಿಷಯ ಬಂದಾಗ ನಾವೂ ಅದನ್ನೇ ಮಾಡ್ತೀವಿ.

ಇಂಟರ್‌ವ್ಯೂ ಇರೋರಿಗೆ ಎರಡು ಮಾತು. 15 ನಿಮಿಷ ಮುಂಚೆ, ಮಾನಿಟರ್ ಕೇಬಲ್ ಎಲ್ಲಾ ಚುಚ್ಚಿ ಆದ ಮೇಲೆ, ಆ್ಯಪ್ ಒಳಗೆ ಸ್ಪೀಕರ್ ಟೆಸ್ಟ್ ಮಾಡಿ. ಆಮೇಲೆ ಯಾವ ಕೇಬಲ್ಲನ್ನೂ ಮುಟ್ಟಬೇಡಿ. ಡ್ರಾಯರ್‌ನಲ್ಲಿ ಒಂದು ವೈರ್ ಇರೋ ಇಯರ್‌ಫೋನ್ ಇಟ್ಟಿರಿ. ಎರಡು ನಿಮಿಷದಲ್ಲಿ ಸರಿ ಹೋಗದಿದ್ರೆ ಅದನ್ನ ಚುಚ್ಚಿ ಮಾತು ಮುಂದುವರಿಸಿ, ಹುಡುಕಾಟ ಸಂಜೆಗಿರ್ಲಿ.

ಪಕ್ಕದ ಫ್ಲ್ಯಾಟ್ ಹುಡುಗನಿಗೆ ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ನಿನ್ನೆ ಮೆಟ್ಟಿಲ ಮೇಲೆ ಸಿಕ್ಕಿದ್ದ. "ವೈರ್ ಇಯರ್‌ಫೋನ್ ತಗೊಂಡೆ ಅಣ್ಣಾ" ಅಂತ ಜೇಬಿಂದ ತೆಗೆದು ತೋರಿಸಿದ. ಒಳ್ಳೇದಾಗ್ಲಿ ಅಂತ ನೀವೂ ಹಾರೈಸಿ.