ಒಡೆಯನಿಗೇ ಅನುಮತಿ ಕೊಡದ ಆಲ್ಫಾ

ಸೂಪರ್‌ಯೂಸರ್ ಆಗಿಯೇ ಲಾಗಿನ್ ಆಗಿದ್ದೆ. ಆದರೂ ಪರದೆಯ ಮೇಲೆ, ಏನನ್ನೂ ತಿದ್ದಲು ನಿಮಗೆ ಅನುಮತಿಯಿಲ್ಲ ಎಂಬ ಸಾಲು. ಮನೆ ಯಜಮಾನನನ್ನೇ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದ ಹಾಗೆ! ಹಳೇ ಲ್ಯಾಪ್‌ಟಾಪಿಗೆ ಪೈಥಾನ್ 2.5 ಹಾಕಿ, 2008ರ ಜುಲೈನಲ್ಲಿ ಬಂದ, ಜಾಂಗೋ ಎಂಬ ವೆಬ್ ಚೌಕಟ್ಟಿನ 1.0ರ ಮೊದಲ ಆಲ್ಫಾವನ್ನು, ಅಂದರೆ ಪರೀಕ್ಷಾ ಆವೃತ್ತಿಯನ್ನು, ಓಡಿಸುವ ಹುಚ್ಚು ಮೊನ್ನೆ ಹತ್ತಿತ್ತು. ಈ ಸಾಲನ್ನು ಕಣ್ಣಾರೆ ನೋಡಬೇಕೆಂದೇ ಒಂದು ಆದೇಶವನ್ನು ಬೇಕಂತಲೇ ಬಿಟ್ಟಿದ್ದೆ.

ಹಳೆಯ ಜಾಂಗೋದಲ್ಲಿ ಮಾಡೆಲ್‌ನ ಹೊಟ್ಟೆಯೊಳಗೇ 'ಕ್ಲಾಸ್ ಅಡ್ಮಿನ್' ಎಂದು ಬರೆದು ಕೆಳಗೆ 'ಪಾಸ್' ಅಂದರೆ ಮುಗಿಯಿತು, ಅಡ್ಮಿನ್ ಪುಟ ತಾನಾಗಿ ಎದ್ದು ಬರುತ್ತಿತ್ತು. ಆಲ್ಫಾದಲ್ಲಿ ಆ ಆಟ ನಡೆಯದು. ಮಾಡೆಲ್‌ಗಳನ್ನು ಬೇರೆ ಕಡತದಲ್ಲಿ ರಿಜಿಸ್ಟರ್ ಮಾಡಬೇಕು, ಯುಆರ್‌ಎಲ್ ಕಡತದಲ್ಲಿ 'ಆಟೋಡಿಸ್ಕವರ್' ಕರೆಯಬೇಕು. ನಾನು ಬೇಕಂತಲೇ ಬಿಟ್ಟದ್ದು ಈ ಕರೆಯನ್ನೇ. ಕರೆಯದಿದ್ದರೆ ರಿಜಿಸ್ಟರ್ ಆದದ್ದು ಏನೂ ಇರುವುದಿಲ್ಲ. ತೋರಿಸಲು ಏನೂ ಇಲ್ಲದಾಗ ಟೆಂಪ್ಲೇಟು ಬಳಕೆದಾರನ ಅನುಮತಿಯ ಮೇಲೇ ಗೂಬೆ ಕೂರಿಸುತ್ತದೆ. ಈ ಕರೆ ತಾನಾಗಿ ಆಗುವಂತಾದದ್ದು 1.7ರಲ್ಲಿ, ಅಂದರೆ 2014ಕ್ಕೆ!

ಕ್ಯಾನ್ಸಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕೆಯೊಂದರ ವೆಬ್ ವಿಭಾಗದಲ್ಲಿ 2003ರಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾದ ಚೌಕಟ್ಟು ಜಾಂಗೋ. 0.96 ಬಂದದ್ದು 2007ರ ಮಾರ್ಚ್‌ನಲ್ಲಿ. ಆಮೇಲೆ ಬಿಡುಗಡೆಗೆ ಕಾಯದೆ ಎಷ್ಟೋ ಮಂದಿ ನೇರವಾಗಿ 'ಟ್ರಂಕ್' ಅನ್ನೇ, ಅಂದರೆ ಇನ್ನೂ ತಯಾರಾಗುತ್ತಿರುವ ಮುಖ್ಯ ಕೋಡನ್ನೇ, ಇಳಿಸಿಕೊಂಡು ಸೈಟು ನಡೆಸುತ್ತಿದ್ದರು. ಅಂಥವರಿಗೆ ಆಲ್ಫಾ ಎಂಬ ಹಣೆಪಟ್ಟಿಯಿಂದ ಆಗುವುದೇನು? ಈ ಹಣೆಪಟ್ಟಿಗಳ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೆ 1.0 ಎಂದರೆ, ಇನ್ನು ಮೇಲೆ ನಿಮ್ಮ ಕೋಡನ್ನು ಸುಮ್ಮಸುಮ್ಮನೆ ಮುರಿಯುವುದಿಲ್ಲ ಎಂಬ ಮಾತು ಕೊಟ್ಟ ಹಾಗೆ. ಮುರಿಯುವುದೇನಿದ್ದರೂ ಅದಕ್ಕೆ ಮೊದಲೇ ಮುರಿದು ಮುಗಿಸಬೇಕಿತ್ತು.

ಹಾಗಾಗಿ 2008ರ ಬೇಸಿಗೆಯಲ್ಲಿ ಜಾಂಗೋ ತಂಡದ ಜೇಕಬ್ ಕಾಪ್ಲಾನ್-ಮಾಸ್ ಮತ್ತು ಗೆಳೆಯರು ಬಯಕೆಗಳನ್ನು ಜರಡಿ ಹಿಡಿದರು: ಇರಲೇಬೇಕಾದವು, ಆದರೆ ಆಗಲಿ ಎನ್ನುವಂಥವು, ಈಗ ಬೇಡವೇ ಬೇಡ ಎಂಬಂಥವು. ಹೊಸ ಅಡ್ಮಿನ್ ಮೊದಲ ಪಟ್ಟಿಯಲ್ಲಿತ್ತು. ಬಹುಕಾಲ ಬೇರೆ ಶಾಖೆಯಲ್ಲೇ ಬೆಳೆದ ಅದು ಮುಖ್ಯ ಕೋಡಿಗೆ ಸೇರಿದ್ದು ಆಲ್ಫಾಕ್ಕೆ ಕೆಲವೇ ದಿನ ಮೊದಲು.

1.0ರಿಂದ ಕನ್ನಡದವರಿಗೆ ದಕ್ಕಿದ ಲಾಭ ಯೂನಿಕೋಡ್ ಬೆಂಬಲ. ಮಾಲ್ಕಮ್ ಟ್ರೆಡಿನಿಕ್ ಮುಂದೆ ನಿಂತು ಮಾಡಿದ ಆ ಕೆಲಸ 2007ರಲ್ಲೇ ಟ್ರಂಕ್‌ಗೆ ಸೇರಿತ್ತು. ಯುಟಿಎಫ್-8ರಲ್ಲಿ ನಮ್ಮ ಲಿಪಿಯ ಒಂದೊಂದು ಸಂಕೇತಕ್ಕೂ ಮೂರು ಬೈಟು. ಬೈಟು ಲೆಕ್ಕದಲ್ಲೇ ಶೀರ್ಷಿಕೆ ಕತ್ತರಿಸುತ್ತಿದ್ದ ಕಾಲದಲ್ಲಿ ಕೊನೆಯ ಅಕ್ಷರದ ಜಾಗದಲ್ಲಿ ಕಸ ಉಳಿಯುತ್ತಿತ್ತು.

2008ರ ಸೆಪ್ಟೆಂಬರ್ 3ಕ್ಕೆ 1.0 ಹೊರಬಂತು, ಅದೇ ವಾರ ಮೌಂಟನ್ ವ್ಯೂನಲ್ಲಿ ಮೊದಲ ಜಾಂಗೋಕಾನ್ ಸಮ್ಮೇಳನ. ಇಷ್ಟು ಚುರುಕಾಗಲು ತೆತ್ತ ಬೆಲೆಯೂ ಇತ್ತು. ಮಾಡೆಲ್ ವ್ಯಾಲಿಡೇಶನ್ 2010ರ 1.2ಕ್ಕೆ ಹೋಯಿತು. ಮೊತ್ತ, ಸರಾಸರಿ ತೆಗೆಯುವ ಅಗ್ರಿಗೇಶನ್ 2009ರ 1.1ಕ್ಕೆ; ಅಲ್ಲಿಯವರೆಗೆ ಬೇಕಾದವರು ಎಸ್‌ಕ್ಯೂಎಲ್ ಅನ್ನು ಕೈಯಲ್ಲೇ ಬರೆದುಕೊಂಡರು.