ಕಟ್ಟಳೆ ಹೋಯಿತು, ಮುಸುಕು ಉಳಿಯಿತು

ಚರ್ಚಿನೊಳಗೆ ಕಾಲಿಡುವಾಗ ಗಂಡಸರು ಟೋಪಿ ತೆಗೆಯುತ್ತಾರೆ. ಅನೇಕ ಕಡೆ ಹೆಂಗಸರು ತಲೆಯ ಮೇಲೆ ವಸ್ತ್ರ ಹೊದೆಯುತ್ತಾರೆ. ಒಂದೇ ಭಕ್ತಿಗೆ ಎರಡು ರೀತಿ ಏಕೆ?

ಇದರ ಮೂಲ ಬೈಬಲಿನಲ್ಲಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯದಲ್ಲಿ ಸಂತ ಪೌಲನು, ಪ್ರಾರ್ಥಿಸುವಾಗ ಗಂಡಸು ತಲೆ ಮುಚ್ಚಬಾರದು, ಹೆಂಗಸು ಮುಚ್ಚಬೇಕು ಎಂದಿದ್ದಾನೆ. ಬಿಷಪರು ಕೂಡ ಪೂಜೆಯ ಮುಖ್ಯ ಪ್ರಾರ್ಥನೆಯ ವೇಳೆ ತಮ್ಮ ಪುಟ್ಟ ಟೋಪಿಯನ್ನು ತೆಗೆದಿಡುತ್ತಾರೆ.

ಹೆಂಗಸರ ಮುಸುಕನ್ನು ಕ್ಯಾಥೊಲಿಕ್ ಸಭೆಯ 1917ರ ಕಾನೂನು ಸಂಹಿತೆ ನಿಯಮವಾಗಿಯೇ ವಿಧಿಸಿತ್ತು. ಅದು ಆ ಕಾಲದ ರೂಢಿಯಷ್ಟೇ ಎಂದು 1976ರಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿತು. 1983ರ ಹೊಸ ಸಂಹಿತೆಯಲ್ಲಿ ಆ ನಿಯಮವೇ ಇಲ್ಲ. ಆದರೂ ಸ್ವಂತ ಇಚ್ಛೆಯಿಂದ ಮುಸುಕು ಹೊದೆಯುವ ಕ್ಯಾಥೊಲಿಕ್ ಹೆಂಗಸರು ಇಂದಿಗೂ ಇದ್ದಾರೆ.

ಇತರ ಪಂಥಗಳಲ್ಲಿ ರೂಢಿ ಇನ್ನೂ ಗಟ್ಟಿ. ರಷ್ಯಾದ ಆರ್ಥೊಡಾಕ್ಸ್ ಚರ್ಚಿಗೆ ಹೋಗುವ ಹೆಂಗಸರು ತಲೆವಸ್ತ್ರ ಕಟ್ಟುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತ ಮಹಿಳೆಯರಿಗೆ ಸೀರೆಯ ಸೆರಗೇ ಮುಸುಕು. ಅಮೆರಿಕದ ಆಮಿಶ್ ಹೆಂಗಸರು ಚರ್ಚಿನಾಚೆಯೂ ಪ್ರಾರ್ಥನಾ ಟೋಪಿ ಧರಿಸುತ್ತಾರೆ.

ಹಾಗಾದರೆ ಮುಸುಕಿಲ್ಲದವಳ ಭಕ್ತಿ ಕಡಿಮೆಯೆ? ಮುಸುಕು ಹೊದ್ದವಳು ಹಿಂದುಳಿದವಳೆ? ಎರಡೂ ಅಲ್ಲ. ತಲೆಯ ಮೇಲಿನ ಬಟ್ಟೆ ಕಣ್ಣಿಗೆ ಕಾಣುತ್ತದೆ, ಒಳಗಿನ ಭಕ್ತಿ ಕಾಣುವುದಿಲ್ಲ. ಬಟ್ಟೆ ನೋಡಿ ಮನಸ್ಸನ್ನು ಅಳೆಯಬಾರದೆಂಬುದನ್ನು ಮಕ್ಕಳು ಮನೆಯಲ್ಲೇ ಕಲಿಯಬೇಕು.